ಟಗರು ಗಂಟೆಗೆ 40 ಕಿ.ಮೀ. ಓಡಿತಾ? ಪ್ರಾಣಿಗಳ ಓಡಾಟದ ಡೇಟಾ ತಿದ್ದುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾಣಿಯ ಕುತ್ತಿಗೆಗೆ ಕಟ್ಟಿದರೆ ಅದು ಎಲ್ಲೆಲ್ಲಿ ಓಡಾಡಿತು ಎಂದು ಬರೆದಿಡುವ ಪಟ್ಟಿಯೇ ಜಿಪಿಎಸ್ ಕಾಲರ್. ಮೈಸೂರು, ಮಂಡ್ಯ ಕಡೆ ಅದರ ಡೇಟಾ ಹಿಡಿದು ಕೂತ ಹುಡುಗ ಹುಡುಗಿಯರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಆನೆ, ಚಿರತೆ, ಹೆಬ್ಬಾತು, ಕುರಿ, ಪ್ರಾಣಿ ಯಾವುದೇ ಇರಲಿ, ಫೈಲ್ ತೆರೆದರೆ ತರಲೆಗಳು ಒಂದೇ ಥರ. ಒಬ್ಬೊಬ್ಬರಿಗೂ ಫೋನಿನಲ್ಲಿ ಅದನ್ನೇ ಹೇಳಿ ಸಾಕಾಯ್ತು. ಅದಕ್ಕೇ ಬರೆದಿಟ್ಟಿದ್ದೇನೆ.

ಉಪಗ್ರಹದಿಂದ ಬಂದ ಡೇಟಾ ತಾನೇ? ಅದರಲ್ಲಿ ತಪ್ಪು ಹೇಗೆ ಬರುತ್ತದೆ?

ಉಪಗ್ರಹ ನಿಮ್ಮ ಆನೆಯನ್ನು ನೋಡುವುದೇ ಇಲ್ಲ. ಸುಮಾರು 20,200 ಕಿ.ಮೀ. ಮೇಲಿಂದ ‘ಈಗ ಸಮಯ ಇಷ್ಟು, ನಾನು ಇಲ್ಲಿದ್ದೇನೆ’ ಎಂದು ಸಾರುತ್ತಾ ಹೋಗುತ್ತದೆ, ಅಷ್ಟೇ. ಅದನ್ನು ಕೇಳಿಸಿಕೊಂಡು ತಾನೆಲ್ಲಿದ್ದೇನೆ ಎಂದು ಲೆಕ್ಕ ಹಾಕುವುದು ಕಾಲರ್. ಈ ಲೆಕ್ಕಕ್ಕೆ ನಾಲ್ಕು ಉಪಗ್ರಹವಾದರೂ ಕೇಳಿಸಬೇಕು. ಮೂರೇ ಸಿಕ್ಕರೆ ಎತ್ತರವನ್ನು ಊಹೆ ಮಾಡಿಕೊಂಡು ಜಾಗ ಹೇಳುತ್ತದೆ. ಊಹೆ ತಪ್ಪಿದರೆ ಜಾಗವೂ ಸರಿದುಹೋಗುತ್ತದೆ.

ದಟ್ಟ ಮರಗಳ ಕೆಳಗೆ ಸಿಗ್ನಲ್ ಕುಂದುತ್ತದೆ. ಬಂಡೆಗೆ ಬಡಿದು ಬಂದ ಸಿಗ್ನಲ್ ಸುತ್ತು ಹಾಕಿ ತಡವಾಗಿ ಬರುತ್ತದೆ, ಆಗ ದೂರದ ಲೆಕ್ಕ ತಪ್ಪುತ್ತದೆ. ಪ್ರಾಣಿ ಮಗ್ಗುಲಾಗಿ ಮಲಗಿದರೆ ಆಂಟೆನಾ ಮೈಕೆಳಗೆ ಸಿಕ್ಕಿಕೊಳ್ಳುತ್ತದೆ. ಇನ್ನೊಂದಿದೆ. ಬ್ಯಾಟರಿ ಉಳಿಸಲು ಕಾಲರ್ ಹೆಚ್ಚು ಹೊತ್ತು ನಿದ್ದೆ ಮಾಡುತ್ತದೆ. ಗಂಟೆಗಟ್ಟಲೆ ಮಲಗಿ ಎದ್ದ ಮೇಲೆ ಪ್ರತಿ ಉಪಗ್ರಹದ ದಾರಿಯ ವಿವರವನ್ನು ಹೊಸದಾಗಿ ಕೇಳಿಸಿಕೊಳ್ಳಲು ಅರ್ಧ ನಿಮಿಷ ಬೇಕು. ಅಷ್ಟರಲ್ಲಿ ಆನೆ ಬಿದಿರುಮೆಳೆಯೊಳಗೆ ತಲೆ ತೂರಿಸಿದರೆ ಮುಗಿಯಿತು.

ಇದೆಲ್ಲ ನಿಜ. ಆದರೂ ನಾನು ನೋಡಿದ ಫೈಲ್‌ಗಳಲ್ಲಿ ದೊಡ್ಡ ಎಡವಟ್ಟುಗಳೆಲ್ಲ ಆಕಾಶದಿಂದ ಬಂದವಲ್ಲ. ಮೇಜಿನ ಮೇಲೆ ಆದಂಥವು. ದಿನಾಂಕ ತಪ್ಪು ಬರೆದದ್ದು, ಎರಡು ಕಾಲರ್‌ಗಳ ನಂಬರ್ ಅದಲುಬದಲಾದದ್ದು, ಅಕ್ಷಾಂಶದ ಜಾಗದಲ್ಲಿ ರೇಖಾಂಶ ಕೂತದ್ದು. ಆದ್ದರಿಂದ ಹುಡುಕಾಟ ಅಲ್ಲಿಂದಲೇ ಶುರುವಾಗಲಿ.

ಫೈಲ್ ಕೈಗೆ ಬಂದ ತಕ್ಷಣ ಮೊದಲು ಏನು ಮಾಡಬೇಕು?

ಒಂದು ಪ್ರತಿ ಮಾಡಿ. ಮೂಲ ಫೈಲ್ ಮುಟ್ಟಬೇಡಿ, ತೆರೆದು ಸೇವ್ ಕೂಡ ಮಾಡಬೇಡಿ. ಆಮೇಲೆ ಎಲ್ಲ ಪಾಯಿಂಟ್‌ಗಳನ್ನೂ, ಅಂದರೆ ಕಾಲರ್ ಬರೆದ ಒಂದೊಂದು ಜಾಗವನ್ನೂ, ಮ್ಯಾಪ್ ಮೇಲೆ ಹಾಕಿ, ಸುಮ್ನೆ ಹತ್ತು ನಿಮಿಷ ನೋಡಿ. ತಪ್ಪು ಸೋಸುವ ಯಾವ ಫಿಲ್ಟರ್ ಕೂಡ ಬೇಡ. ಕಣ್ಣಿಗೆ ಕಾಣುವ ತಪ್ಪು ಕಣ್ಣಿಗೇ ಸಿಗಲಿ. ಆಮೇಲೆ ಮೂರು ಎಣಿಕೆ ಮಾಡಿ: ಒಟ್ಟು ಸಾಲುಗಳೆಷ್ಟು, ಒಂದೇ ಪ್ರಾಣಿಗೆ ಒಂದೇ ಸಮಯದ ಸಾಲು ಎರಡು ಸಲ ಬಂದಿದೆಯಾ, ದಿನಕ್ಕೆ ಬರಬೇಕಾದಷ್ಟು ಪಾಯಿಂಟ್ ಬಂದಿವೆಯಾ.

ಮೈಸೂರಿನ ಹೆಬ್ಬಾತು ಆರ್ಕ್‌ಟಿಕ್ ಸಮುದ್ರದಲ್ಲಿ ತೇಲುತ್ತಿದೆ. ಹಾಳಾದ ಟ್ಯಾಗಾ?

ಟ್ಯಾಗ್ (ಕಾಲರ್‌ನಂಥದ್ದೇ ಪುಟ್ಟ ಯಂತ್ರ) ಚೆನ್ನಾಗಿಯೇ ಇದೆ. ಮೈಸೂರು ಇರುವುದು ಸುಮಾರು 12.3 ಉತ್ತರ ಅಕ್ಷಾಂಶ, 76.65 ಪೂರ್ವ ರೇಖಾಂಶದಲ್ಲಿ. ಇವೆರಡನ್ನೂ ಅದಲುಬದಲು ಮಾಡಿದರೆ ಹಕ್ಕಿ ನಾರ್ವೆಗೂ ಮೇಲೆ, ಸ್ವಾಲ್‌ಬಾರ್ಡ್ ದ್ವೀಪಗಳ ಪಶ್ಚಿಮದ ಸಮುದ್ರಕ್ಕೆ ಹೋಗಿ ಬೀಳುತ್ತದೆ. ಹದಿನಾರು ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟುವ ಹಕ್ಕಿ ಹೌದು, ಆದರೆ ಅದರ ದಾರಿ ಅಲ್ಲಿಗಲ್ಲ.

ಇಂಥ ತಪ್ಪುಗಳಿಗೆ ಒಂದೊಂದಕ್ಕೂ ಒಂದೊಂದು ವಿಳಾಸವಿದೆ. ಒಂದು ಸಲ ಗುರುತಾದರೆ ಮತ್ತೆ ಮರೆಯುವುದಿಲ್ಲ. ಆಫ್ರಿಕಾದ ಪಶ್ಚಿಮಕ್ಕೆ ಗಿನಿ ಕೊಲ್ಲಿಯಲ್ಲಿ ಪಾಯಿಂಟ್ ಬಿದ್ದಿದ್ದರೆ ಅಕ್ಷಾಂಶ, ರೇಖಾಂಶ ಎರಡೂ ಸೊನ್ನೆ. ಅಂದರೆ ಕಾಲರ್‌ಗೆ ಜಾಗ ಸಿಕ್ಕಿಲ್ಲ, ಖಾಲಿ ಬಿಡುವ ಬದಲು ಸೊನ್ನೆ ಬರೆದಿದೆ. ಹಿಂದೂ ಮಹಾಸಾಗರದ ನಟ್ಟನಡುವೆ ಬಿದ್ದಿದ್ದರೆ ಅಕ್ಷಾಂಶಕ್ಕೆ ಮೈನಸ್ ಸೇರಿದೆ. ಕೆರಿಬಿಯನ್ ಸಮುದ್ರದಲ್ಲಿದ್ದರೆ ರೇಖಾಂಶಕ್ಕೆ.

ನನಗೆ ಭಯ ಇಂಥವುಗಳದ್ದಲ್ಲ. ಸಮುದ್ರದಲ್ಲಿರುವ ಆನೆಯನ್ನು ಯಾರು ಬೇಕಾದರೂ ಹಿಡಿಯುತ್ತಾರೆ. ಊರ ಪಕ್ಕದಲ್ಲೇ ಬೀಳುವ ತಪ್ಪು ಕಳ್ಳ. ಮೈಸೂರು ಅರಮನೆ ಇರುವುದು 12 ಡಿಗ್ರಿ 18 ಮಿನಿಟ್, 76 ಡಿಗ್ರಿ 39 ಮಿನಿಟ್‌ನಲ್ಲಿ. ಇದನ್ನು ಯಾರೋ 12.18, 76.39 ಎಂದು ಟೈಪ್ ಮಾಡುತ್ತಾರೆ. ಮಿನಿಟ್ ಅಂದರೆ ಅರವತ್ತರ ಲೆಕ್ಕ, ದಶಮಾಂಶ ಅಂದರೆ ನೂರರ ಲೆಕ್ಕ. ಆ ಪಾಯಿಂಟ್ ದಕ್ಷಿಣಕ್ಕೆ 13 ಕಿ.ಮೀ.ಗೂ ಹೆಚ್ಚು, ಪಶ್ಚಿಮಕ್ಕೆ ಸುಮಾರು 28 ಕಿ.ಮೀ. ಸರಿದು ಎಚ್.ಡಿ. ಕೋಟೆ ಕಡೆ ಹೋಗಿ ಕೂರುತ್ತದೆ. ಅಲ್ಲಿ ಕಾಡೂ ಇದೆ, ಆನೆಯೂ ಇದೆ. ಯಾರಿಗೂ ಸಂಶಯವೇ ಬರುವುದಿಲ್ಲ! ಇದನ್ನು ಹಿಡಿಯುವ ಉಪಾಯ ಇಷ್ಟೇ: ದಶಮಾಂಶದ ನಂತರದ ಎರಡು ಅಂಕಿ ಎಲ್ಲ ಸಾಲಿನಲ್ಲೂ 60ಕ್ಕಿಂತ ಕಡಿಮೆಯೇ ಇದ್ದರೆ ಅನುಮಾನ ಪಡಿ.

ಆನೆ ಮಧ್ಯಾಹ್ನ ಮೂರೂವರೆಗೆ ರಾಗಿ ಹೊಲಕ್ಕೆ ನುಗ್ಗಿದೆ ಅಂತ ಫೈಲ್ ಹೇಳುತ್ತದೆ. ರೈತರು ರಾತ್ರಿ ಒಂಬತ್ತು ಅನ್ನುತ್ತಾರೆ. ಯಾರು ಸರಿ?

ರೈತರು. ಜಿಪಿಎಸ್ ಕಾಲರ್‌ಗಳು ಸಾಮಾನ್ಯವಾಗಿ ಸಮಯವನ್ನು ಯುಟಿಸಿಯಲ್ಲಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಪ್ರಮಾಣ ಸಮಯದಲ್ಲಿ, ಬರೆಯುತ್ತವೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ರಾತ್ರಿ 9 ಗಂಟೆ ಫೈಲ್‌ನಲ್ಲಿ ಮಧ್ಯಾಹ್ನ 3:30 ಆಗಿರುತ್ತದೆ. ಇದು ಗೊತ್ತಿಲ್ಲದೆ ವಿಶ್ಲೇಷಣೆ ಮಾಡಿದರೆ ‘ಈ ಭಾಗದ ಆನೆಗಳು ಹಗಲಲ್ಲೇ ಬೆಳೆಗೆ ನುಗ್ಗುತ್ತವೆ’ ಎಂಬ ಭಯಂಕರ ಸಂಶೋಧನೆ ಹೊರಬರುತ್ತದೆ.

ಇದಕ್ಕಿಂತ ಕೆಟ್ಟದ್ದು ಇಬ್ಬರು ಜಾಣರು ಸೇರಿದಾಗ ಆಗುತ್ತದೆ. ಒಬ್ಬರು ಐದೂವರೆ ಗಂಟೆ ಕೂಡಿಸಿ ಇಡುತ್ತಾರೆ. ಇನ್ನೊಬ್ಬರು ಅದು ಗೊತ್ತಿಲ್ಲದೆ ಮತ್ತೆ ಕೂಡಿಸುತ್ತಾರೆ. ಈಗ ಆನೆ ಬರುವುದು ಬೆಳಗಿನ ಜಾವ 2:30ಕ್ಕೆ. ಅದೂ ಮಾರನೇ ದಿನ. ಇದು ನಂಬುವ ಹಾಗೇ ಇರುತ್ತದೆ, ಅದೇ ತೊಂದರೆ.

ಪರೀಕ್ಷೆ ಮಾಡಲು ಖಚಿತವಾಗಿ ಗೊತ್ತಿರುವ ಒಂದು ಗಳಿಗೆ ಹಿಡಿದುಕೊಳ್ಳಿ. ಕಾಲರ್ ಕಟ್ಟಿದ ಹೊತ್ತು ಎಲ್ಲಕ್ಕಿಂತ ಒಳ್ಳೆಯದು. ಫೀಲ್ಡ್ ನೋಟ್‌ಬುಕ್‌ನಲ್ಲಿ ‘ಬೆಳಿಗ್ಗೆ 7:40, ಪ್ರಾಣಿ ಎದ್ದು ಹೋಯಿತು’ ಎಂದಿದ್ದರೆ ಫೈಲ್‌ನಲ್ಲಿ ಆ ಚಲನೆ ಎಷ್ಟು ಗಂಟೆಗಿದೆ ನೋಡಿ. ಕಾಲಂ ಹೆಸರಿನಲ್ಲೇ ಯುಟಿಸಿಯೋ ಭಾರತೀಯ ಸಮಯವೋ ಎಂದು ಬರೆದುಬಿಡಿ. ಬರೀ ‘ಸಮಯ’ ಎಂದು ಬರೆದ ಕಾಲಂ ನೋಡಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಇದರ ಜೊತೆಗೇ ಒಂದು ಮಾತು. ಮೊಬೈಲ್ ನೆಟ್‌ವರ್ಕ್ ಮೂಲಕ ಡೇಟಾ ಕಳಿಸುವ ಕಾಲರ್‌ಗಳು ಕಾಡೊಳಗೆ ನೆಟ್‌ವರ್ಕ್ ಸಿಗದಿದ್ದಾಗ ಪಾಯಿಂಟ್‌ಗಳನ್ನು ಗಂಟು ಕಟ್ಟಿ ಇಟ್ಟುಕೊಂಡು, ಹೊರಗೆ ಬಂದಾಗ ಒಟ್ಟಿಗೆ ಸುರಿಯುತ್ತವೆ. ಫೈಲ್‌ನಲ್ಲಿ ಪಾಯಿಂಟ್ ತೆಗೆದ ಸಮಯ, ಸರ್ವರ್‌ಗೆ ಬಂದ ಸಮಯ ಎರಡೂ ಇರಬಹುದು. ಎರಡನೆಯದನ್ನು ಬಳಸಿದರೆ ಮೂರು ದಿನದ ಓಡಾಟ ಎರಡೇ ನಿಮಿಷದಲ್ಲಿ ಮುಗಿಯುತ್ತದೆ.

ಹಳೆಯ ಕಾಲರ್ ಇದ್ದಕ್ಕಿದ್ದಂತೆ 1999ನೇ ಇಸವಿಗೆ ಹೋಗಿದೆ. ಇದೇನು?

ಜಿಪಿಎಸ್ ವಾರಗಳನ್ನು ಎಣಿಸುತ್ತದೆ. ಹಳೆಯ ಪದ್ಧತಿಯಲ್ಲಿ 1024 ವಾರ ಆದ ಮೇಲೆ ಎಣಿಕೆ ಮತ್ತೆ ಸೊನ್ನೆಗೆ ಬರುತ್ತದೆ. ಶುರುವಾದದ್ದು 1980ರ ಜನವರಿ 6. ಮೊದಲ ಸುತ್ತು 1999ರ ಆಗಸ್ಟ್‌ನಲ್ಲಿ, ಎರಡನೆಯದು 2019ರ ಏಪ್ರಿಲ್‌ನಲ್ಲಿ ಮುಗಿಯಿತು. ಇದಕ್ಕೆ ತಯಾರಿಲ್ಲದ ಉಪಕರಣಗಳು 2019ರ ಏಪ್ರಿಲ್ 7ನ್ನು 1999ರ ಆಗಸ್ಟ್ 22 ಎಂದು ಬರೆಯುತ್ತವೆ. ಸಂತೋಷದ ವಿಷಯ ಏನೆಂದರೆ ಇದನ್ನು ಪೂರ್ತಿ ತಿದ್ದಬಹುದು: 7,168 ದಿನ ಕೂಡಿಸಿ, ಅಷ್ಟೇ. ಕೆಲವು ಉಪಕರಣಗಳಲ್ಲಿ ಈ ಸುತ್ತು ಬೇರೆ ತಾರೀಖಿಗೆ ಬೀಳುತ್ತದೆ. ಆದರೆ ನೆಗೆತ ಮಾತ್ರ ಅದೇ 7,168 ದಿನ.

ಎಕ್ಸೆಲ್‌ನಲ್ಲಿ ತೆರೆದು ನೋಡಬಹುದಾ?

ನೋಡಿ. ಸೇವ್ ಮಾಡಬೇಡಿ. 05/04 ಎಂದರೆ ಏಪ್ರಿಲ್ 5 ಆಗಬಹುದು, ಮೇ 4 ಆಗಬಹುದು. ಕಂಪ್ಯೂಟರ್ ಸೆಟ್ಟಿಂಗ್ ಹೇಗಿದೆಯೋ ಹಾಗೆ. ತಮಾಷೆ ಅಂದರೆ 12ನೇ ತಾರೀಖಿನವರೆಗೆ ಮಾತ್ರ ಅದಲುಬದಲು ಆಗುತ್ತದೆ. 13ರಿಂದ ಮುಂದೆ ತಿಂಗಳೇ ಇಲ್ಲವಲ್ಲ! ಪ್ರತಿ ತಿಂಗಳ ಮೊದಲ 12 ದಿನ ಮಾತ್ರ ಚೆಲ್ಲಾಪಿಲ್ಲಿ ಆಗಿದ್ದರೆ ಕಳ್ಳ ಇವನೇ.

ಎರಡನೇ ತೊಂದರೆ ಉದ್ದ ನಂಬರ್‌ಗಳದ್ದು. 15 ಅಂಕಿಯ ಕಾಲರ್ ನಂಬರನ್ನು ಎಕ್ಸೆಲ್ ಕುಗ್ಗಿಸಿ ತೋರಿಸುತ್ತದೆ. ಹಾಗೇ ಸಿಎಸ್‌ವಿ (ಬರೀ ಅಕ್ಷರ, ಅಂಕಿಗಳ ಸಾದಾ ಫೈಲ್) ಆಗಿ ಉಳಿಸಿದರೆ ಐದು ಕಾಲರ್‌ಗಳಿಗೂ ಒಂದೇ ನಂಬರ್ ಬಂದುಬಿಡಬಹುದು. ಮೂರನೆಯದು ದಶಮಾಂಶ. ಕಾಲಂ ಎರಡೇ ದಶಮಾಂಶ ತೋರಿಸುವಂತಿದ್ದರೆ ಸಿಎಸ್‌ವಿಗೆ ಹೋಗುವುದೂ ಅಷ್ಟೇ. 0.01 ಡಿಗ್ರಿ ಅಂದರೆ ನೆಲದ ಮೇಲೆ ಸುಮಾರು 1.1 ಕಿ.ಮೀ. ಆಗ ಮ್ಯಾಪ್ ಮೇಲೆ ಪಾಯಿಂಟ್‌ಗಳು ಚುಕ್ಕಿ ರಂಗೋಲಿಗೆ ಇಟ್ಟ ಹಾಗೆ ಸಾಲುಸಾಲಾಗಿ ಕೂರುತ್ತವೆ. ಯಾವ ಚಿರತೆಯೂ ಹಾಗೆ ನಡೆಯುವುದಿಲ್ಲ.

ಚಿರತೆ ಮೊದಲ ನಾಲ್ಕು ದಿನ ಮೈಸೂರು ನಗರದೊಳಗೇ ಇತ್ತಲ್ಲ?

ಇತ್ತು, ಬೀರುವಿನಲ್ಲಿ. ಅಂದರೆ ಕಾಲರ್ ಇತ್ತು, ಚಿರತೆ ಅಲ್ಲ. ಆನ್ ಮಾಡಿ ಪರೀಕ್ಷಿಸಿದ ದಿನದಿಂದಲೇ ಅದು ಬರೆಯಲು ಶುರು ಮಾಡುತ್ತದೆ. ಆಮೇಲೆ ಜೀಪಿನಲ್ಲಿ ಹೋದದ್ದು, ದಾರಿಯಲ್ಲಿ ಹೋಟೆಲ್ ಮುಂದೆ ನಿಂತದ್ದು ಎಲ್ಲವೂ ‘ಪ್ರಾಣಿಯ ಓಡಾಟ’ ಆಗಿಬಿಡುತ್ತದೆ. ಕಟ್ಟಿದ ಗಳಿಗೆ, ಬಿಚ್ಚಿದ ಅಥವಾ ಬಿದ್ದ ಗಳಿಗೆ ಎರಡನ್ನೂ ಪ್ರತಿ ಪ್ರಾಣಿಗೂ ಬರೆದಿಡಿ. ಕಟ್ಟಿದ ನಂತರದ ಒಂದೆರಡು ದಿನವನ್ನೂ ಸ್ವಲ್ಪ ಅನುಮಾನದಿಂದಲೇ ನೋಡಿ. ಅರಿವಳಿಕೆಯಿಂದ ಎದ್ದ ಪ್ರಾಣಿ ಗಾಬರಿಯಲ್ಲಿ ದೂರ ಹೋಗಬಹುದು, ಇಲ್ಲವೇ ಒಂದೇ ಕಡೆ ಮುದುಡಿ ಕೂರಬಹುದು. ಅದು ತಪ್ಪು ಡೇಟಾ ಅಲ್ಲ, ಆದರೆ ಅದರ ದಿನನಿತ್ಯದ ಬದುಕೂ ಅಲ್ಲ.

ವೇಗದ ಫಿಲ್ಟರ್ ಎಷ್ಟಕ್ಕೆ ಇಡಬೇಕು?

ಅತಿ ಹೆಚ್ಚು ಸಲ ಬರುವ ಪ್ರಶ್ನೆ ಇದು. ಪ್ರಾಣಿ ಇಷ್ಟಕ್ಕಿಂತ ವೇಗವಾಗಿ ಓಡಿದಂತೆ ಕಂಡ ಪಾಯಿಂಟನ್ನು ಎತ್ತಿ ತೋರಿಸುವ ಮಿತಿಯೇ ವೇಗದ ಫಿಲ್ಟರ್. ‘ಒಂದು ನಂಬರ್ ಹೇಳಿ ಸಾರ್’ ಎನ್ನುತ್ತಾರೆ. ನಂಬರ್ ಹೇಳಬಹುದು. ಆದರೆ ಅದು ನಿಮ್ಮ ಪ್ರಾಣಿಗೂ, ಎರಡು ಪಾಯಿಂಟ್ ನಡುವಿನ ಸಮಯದ ಅಂತರಕ್ಕೂ ಹೊಂದಬೇಕಲ್ವಾ?

ಆನೆಯನ್ನೇ ತೆಗೆದುಕೊಳ್ಳಿ. ಸುಮ್ಮನೆ ನಡೆಯುವಾಗ ಗಂಟೆಗೆ ನಾಲ್ಕರಿಂದ ಆರು ಕಿ.ಮೀ. ಜಂಬೂ ಸವಾರಿಯಲ್ಲಿ ಅರಮನೆಯಿಂದ ಬನ್ನಿಮಂಟಪದವರೆಗಿನ ಸುಮಾರು ಐದು ಕಿ.ಮೀ.ಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ರಸ್ತೆ ಬದಿ ಕಾದವರಿಗೆಲ್ಲ ಗೊತ್ತು. ಅದು ಮೆರವಣಿಗೆಯ ನಡಿಗೆ ಬಿಡಿ. ಅಟ್ಟಿಸಿಕೊಂಡು ಬಂದಾಗ ಏಷ್ಯಾದ ಆನೆ ಗಂಟೆಗೆ 25 ಕಿ.ಮೀ. ಹತ್ತಿರ ಮುಟ್ಟುತ್ತದೆ, ಆದರೆ ಕೆಲವೇ ಕ್ಷಣ. ಹಾಗಾಗಿ ಐದು ನಿಮಿಷಕ್ಕೊಂದು ಪಾಯಿಂಟ್ ಇದ್ದರೆ 12 ಕಿ.ಮೀ. ವೇಗವನ್ನು ನಾನು ಒಪ್ಪಿಯೇನು. ಗಂಟೆಗೊಂದು ಪಾಯಿಂಟ್ ಇದ್ದು, ಗಂಟೆಯಿಡೀ 12 ಕಿ.ಮೀ. ಎಂದರೆ ಹುಬ್ಬೇರಿಸುತ್ತೇನೆ. ಅಂತರ ಹೆಚ್ಚಾದಷ್ಟೂ ಮಿತಿ ಇಳಿಯಬೇಕು.

ಅಂತರ ತೀರಾ ಕಡಿಮೆ ಇದ್ದರೆ ಇನ್ನೊಂದು ಮೋಸವಿದೆ. ಎರಡು ಸೆಕೆಂಡ್ ಅಂತರದಲ್ಲಿ ಎರಡು ಪಾಯಿಂಟ್. ಜಿಪಿಎಸ್ 20 ಮೀಟರ್ ಆಚೀಚೆ ಆಯ್ತು ಅನ್ನಿ. ಲೆಕ್ಕ ಹಾಕಿದರೆ ಗಂಟೆಗೆ 36 ಕಿ.ಮೀ.! ಪ್ರಾಣಿ ನಿಂತಲ್ಲೇ ನಿಂತಿದೆ.

ಈಗ ನನ್ನ ಟಗರಿನ ಕಥೆ. ಕಲಿಯುವ ದಿನಗಳಲ್ಲಿ ಮಳವಳ್ಳಿ ಕಡೆಯ ಗೆಳೆಯನ ಮಾವನ ಬಂಡೂರು ಟಗರಿಗೆ ಒಂದು ಚಿಕ್ಕ ಜಿಪಿಎಸ್ ಟ್ಯಾಗ್ ಕಟ್ಟಿದ್ದೆ. 15 ನಿಮಿಷಕ್ಕೊಂದು ಪಾಯಿಂಟ್. ಎಲ್ಲ ಚೆನ್ನಾಗಿತ್ತು, ಒಂದು ಬೆಳಿಗ್ಗೆ ಮಾತ್ರ ಟಗರು ಗಂಟೆಗೆ 40 ಕಿ.ಮೀ. ವೇಗದಲ್ಲಿ ಅರ್ಧ ಗಂಟೆ ಓಡಿತ್ತು. 20 ಕಿ.ಮೀ. ಆಚೆ ಮೂರು ಗಂಟೆ ನಿಂತು, ಅದೇ ವೇಗದಲ್ಲಿ ಮನೆಗೆ ಬಂದಿತ್ತು. ನಾನು ನಕ್ಕು ಎಲ್ಲವನ್ನೂ ಅಳಿಸಿಬಿಟ್ಟೆ. ಕುಳ್ಳು ಕಾಲಿನ ಬಂಡೂರು ಟಗರು 40 ಕಿ.ಮೀ.? ಸಾಧ್ಯವೇ ಇಲ್ಲ.

ತಿಂಗಳಾದ ಮೇಲೆ ಮಾತಿಗೆ ಮಾತು ಬಂದು ಇದನ್ನು ಹೇಳಿದೆ. ಮಾವ ನನ್ನನ್ನು ಒಂದು ಥರಾ ನೋಡಿದರು. “ಅಯ್ಯೋ, ಅವತ್ತು ಸಂತೆಗೆ ತಗಂಡ್ ಹೋಗಿದ್ವಲ್ಲ ಸಾ, ಲಗೇಜ್ ಆಟೋಲಿ. ರೇಟು ಗಿಟ್ಲಿಲ್ಲ, ವಾಪಸ್ ತಂದ್ವಿ.”

ಟಗರು ಸರಿ, ಟ್ಯಾಗ್ ಸರಿ, ನಾನು ತಪ್ಪು. ವೇಗದ ಫಿಲ್ಟರ್ ‘ಈ ಸಾಲು ತಪ್ಪು’ ಎಂದು ಹೇಳುವುದಿಲ್ಲ, ‘ಇಲ್ಲಿ ಒಂದು ಸಲ ಕೇಳಿ’ ಎನ್ನುತ್ತದೆ. ಕೇಳಬೇಕಾದದ್ದು ಯಾರನ್ನ? ಕಾಯುವವರನ್ನ, ಕಾವಲುಗಾರರನ್ನ, ಹೊಲದವರನ್ನ.

ಒಂದೇ ಒಂದು ಪಾಯಿಂಟ್ ಮುಳ್ಳಿನ ಹಾಗೆ ಆಚೆ ಚಾಚಿಕೊಂಡಿದೆ. ವೇಗ ಮಿತಿಯೊಳಗೇ ಇದೆ.

ಹೋದ ದಾರಿಯಲ್ಲೇ ವಾಪಸ್ ಬಂದಿದೆಯಾ ನೋಡಿ. ಅರ್ಧ ಗಂಟೆಯಲ್ಲಿ ಎರಡು ಕಿ.ಮೀ. ಹೋಗಿ, ಇನ್ನರ್ಧ ಗಂಟೆಯಲ್ಲಿ ಬಿಟ್ಟ ಜಾಗಕ್ಕೇ ಕರಾರುವಾಕ್ಕಾಗಿ ಬಂದು ನಿಲ್ಲುವುದು ಅಪರೂಪ. ಹೋಗುವ ವೇಗ, ಬರುವ ವೇಗ, ತಿರುಗಿದ ಕೋನ ಮೂರನ್ನೂ ಒಟ್ಟಿಗೆ ನೋಡಿ. ಎರಡೂ ಕಡೆ ವೇಗ ಜಾಸ್ತಿ ಇದ್ದು ಕೋನ 180 ಡಿಗ್ರಿ ಹತ್ತಿರ ಇದ್ದರೆ ಹೆಚ್ಚಿನಂಶ ಜಿಪಿಎಸ್ ಮುಳ್ಳೇ. ಒಂದನ್ನು ಗುರುತು ಹಾಕಿದ ಮೇಲೆ ವೇಗವನ್ನು ಮತ್ತೆ ಲೆಕ್ಕ ಹಾಕಬೇಕು. ಇಲ್ಲದಿದ್ದರೆ ತಪ್ಪಿನ ಪಕ್ಕದಲ್ಲಿ ನಿಂತ ತಪ್ಪಿಗೆ ಒಳ್ಳೆಯ ಪಾಯಿಂಟೂ ಬಲಿಯಾಗುತ್ತದೆ.

ಆದರೆ ಹಕ್ಕಿಗಳಿಗೆ ಈ ನಿಯಮ ಹಾಗೇ ಹಾಕಬೇಡಿ. ಕೊಕ್ಕರೆಬೆಳ್ಳೂರಿನ ಮರದ ಮೇಲೆ ಮರಿ ಇಟ್ಟುಕೊಂಡ ಹೆಜ್ಜಾರ್ಲೆ ಕೆರೆಗೆ ಹೋಗುತ್ತದೆ, ಮೀನು ತರುತ್ತದೆ, ಅದೇ ಗೂಡಿಗೆ ಬರುತ್ತದೆ. ಅದರ ಬದುಕೇ ಮುಳ್ಳುಮುಳ್ಳು.

ಎಚ್‌ಡಿಒಪಿ ಅಂತ ಒಂದು ಕಾಲಂ ಇದೆ. ಅದು 5 ದಾಟಿದರೆ ತೆಗೆದುಹಾಕಿ ಅನ್ನುತ್ತಾರೆ.

ಉಪಗ್ರಹಗಳು ಆಕಾಶದಲ್ಲಿ ಹೇಗೆ ಹರಡಿಕೊಂಡಿವೆ ಎಂಬುದರ ಅಂಕ ಅದು. ನಾಲ್ಕು ಕಡೆಗೂ ಹರಡಿದ್ದರೆ ಅಂಕ ಸಣ್ಣದು, ಒಳ್ಳೆಯದು. ಎಲ್ಲ ಒಂದೇ ಮೂಲೆಯಲ್ಲಿ ಗುಂಪುಗೂಡಿದ್ದರೆ ದೊಡ್ಡದು. ಅಂಕ ಕೆಟ್ಟದಾಗಿದ್ದರೂ ಪಾಯಿಂಟ್ ಸರಿ ಇರಬಹುದು, ಅಂಕ ಚೆನ್ನಾಗಿದ್ದರೂ ಬಂಡೆಯ ಪ್ರತಿಫಲನದಿಂದ ತಪ್ಪಬಹುದು. ಗೆರೆ ಎಳೆದು ಕೊಚ್ಚಿ ಹಾಕುವುದಕ್ಕಿಂತ ಒಳ್ಳೆಯ ದಾರಿ ಇದೆ. ಪ್ರಾಣಿಗೆ ಕಟ್ಟುವ ಮುಂಚೆ ಕಾಲರನ್ನು ಎರಡು ದಿನ ಮನೆ ತಾರಸಿ ಮೇಲೆ, ಎರಡು ದಿನ ಮಾವಿನ ತೋಪಿನೊಳಗೆ ಅಲ್ಲಾಡದಂತೆ ಇಡಿ. ಯಾವ ಅಂಕಕ್ಕೆ ಎಷ್ಟು ಮೀಟರ್ ಆಚೀಚೆ ಆಗುತ್ತದೆ ಎಂದು ನಿಮ್ಮ ಕಾಲರೇ ಹೇಳುತ್ತದೆ.

ಮಲಗಿದ ಪ್ರಾಣಿಯೂ ದಿನಕ್ಕೆ ನಾಲ್ಕು ಕಿ.ಮೀ. ನಡೆದಂತೆ ಬರುತ್ತಿದೆ!

ಆ ತಾರಸಿ ಪರೀಕ್ಷೆ ಮಾಡಿದ್ದರೆ ಇದು ಆಗಲೇ ಕಾಣುತ್ತಿತ್ತು. ಐದು ನಿಮಿಷಕ್ಕೊಂದರಂತೆ ದಿನಕ್ಕೆ 288 ಪಾಯಿಂಟ್. ಪ್ರತಿ ಸಲ ಸರಾಸರಿ 15 ಮೀಟರ್ ಆಚೀಚೆ ಕುಣಿದರೆ 4,320 ಮೀಟರ್. ತಾರಸಿ ಮೇಲಿನ ಕಾಲರ್ ಎಲ್ಲೂ ಹೋಗದೆ ಇಷ್ಟು ನಡೆದುಬಿಡುತ್ತದೆ. ಹಾಗಂತ ಪಾಯಿಂಟ್‌ಗಳನ್ನು ಗಂಟೆಗೊಂದು ಮಾಡಿದರೆ ಈ ಕುಣಿತ ಕಡಿಮೆ ಆಗುತ್ತದೆ, ಆದರೆ ಪ್ರಾಣಿ ನಿಜವಾಗಿ ಹಾಕಿದ ಸುತ್ತುಗಳೂ ಮಾಯವಾಗಿ ನೇರ ಗೆರೆ ಉಳಿಯುತ್ತದೆ. ಎರಡೂ ಕಡೆ ನಷ್ಟ. ಅದಕ್ಕೇ ಈಗ ತಪ್ಪಿನ ಅಳತೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುವ ಮಾದರಿಗಳನ್ನು ಬಳಸುತ್ತಾರೆ. ‘ದಿನಕ್ಕೆ ಇಷ್ಟು ಕಿ.ಮೀ.’ ಎಂದು ಯಾರಾದರೂ ಹೇಳಿದರೆ ಎಷ್ಟು ನಿಮಿಷಕ್ಕೊಂದು ಪಾಯಿಂಟ್ ಎಂದು ಕೇಳದೆ ನಂಬಬೇಡಿ.

ಚಿರತೆ ಐದು ದಿನದಿಂದ ಒಂದೇ ಕಡೆ ಇದೆ. ಸತ್ತಿದೆಯಾ, ಕಾಲರ್ ಬಿದ್ದಿದೆಯಾ?

ಜಾಗ ಯಾವುದು, ಮೊದಲು ಅದನ್ನು ಹೇಳಿ. ಮಂಡ್ಯದ ಕಬ್ಬಿನ ಗದ್ದೆಯಾದರೆ ನಾನು ಅವಸರ ಪಡುವುದಿಲ್ಲ. ಆಳೆತ್ತರದ ಕಬ್ಬು ಚಿರತೆಗೆ ಕಾಡೇ. ನೆರಳಿದೆ, ಪಕ್ಕದಲ್ಲಿ ನಾಲೆ ನೀರಿದೆ, ಊರಂಚಿನಲ್ಲಿ ನಾಯಿಗಳಿವೆ. ಕಬ್ಬು ಕಡಿಯುವಾಗ ಮರಿಗಳು ಸಿಕ್ಕ ಸುದ್ದಿ ಈ ಕಡೆ ಆಗಾಗ ಓದುತ್ತೇವೆ. ಹೆಣ್ಣು ಚಿರತೆ, ಚಿಕ್ಕ ಮರಿಗಳು ಎಂದರೆ ಅದು ಮತ್ತೆ ಮತ್ತೆ ಅಲ್ಲಿಗೇ ಬರುತ್ತದೆ.

ವ್ಯತ್ಯಾಸ ಕಂಡುಹಿಡಿಯಲು ಪಾಯಿಂಟ್‌ಗಳ ಗುಂಪಿನ ಒಳಗೆ ನೋಡಿ. ಬಿದ್ದ ಕಾಲರ್ ಹಗಲು ರಾತ್ರಿ ಒಂದೇ ಥರ ಕುಣಿಯುತ್ತದೆ, ಕೆಲವೇ ಮೀಟರ್. ಬದುಕಿರುವ ಪ್ರಾಣಿ ರಾತ್ರಿ ಸ್ವಲ್ಪವಾದರೂ ಹೊರಗೆ ಹೋಗಿ ಬಂದಿರುತ್ತದೆ. ಕಾಲರ್‌ನಲ್ಲಿ ಅಲುಗಾಟ ಅಳೆಯುವ ಸೆನ್ಸರ್ ಇದ್ದರೆ ಇನ್ನೂ ಸುಲಭ, ಅದು ಪೂರ್ತಿ ಸುಮ್ಮನಾಗಿದೆಯಾ ನೋಡಿ. ಸುಮ್ಮನಾಗಿದ್ದರೆ ಕಾಯಬೇಡಿ. ಅವತ್ತೇ ಅರಣ್ಯ ಇಲಾಖೆಯವರಿಗೆ ತಿಳಿಸಿ. ಒಬ್ಬರೇ ಕಬ್ಬಿನೊಳಗೆ ನುಗ್ಗುವ ಸಾಹಸ ಖಂಡಿತ ಬೇಡ.

ಆನೆ ಕಬಿನಿ ಹಿನ್ನೀರಿನ ಮಧ್ಯದಲ್ಲಿ ನಿಂತಿದೆ. ನೀರಿನಲ್ಲಿರುವ ಪಾಯಿಂಟ್ ಎಲ್ಲ ತೆಗೆದುಬಿಡಲಾ?

ಯಾವ ತಿಂಗಳು? ಏಪ್ರಿಲ್, ಮೇ ಆದರೆ ಕೈ ಹಾಕಬೇಡಿ. ಬೇಸಿಗೆಯಲ್ಲಿ ಹಿನ್ನೀರು ಇಳಿದು ಹಸಿರು ಹುಲ್ಲು ಬರುತ್ತದೆ, ಆನೆಗಳು ಹಿಂಡುಹಿಂಡಾಗಿ ಅಲ್ಲಿಗೇ ಬರುತ್ತವೆ. ಅದನ್ನು ನೋಡಲೆಂದೇ ಜನ ಸಫಾರಿಗೆ ಹೋಗುತ್ತಾರಲ್ಲ! ನಿಮ್ಮ ಮ್ಯಾಪ್ ಮಾತ್ರ ವರ್ಷವಿಡೀ ನೀಲಿ. ಇನ್ನು ನೀರು ತುಂಬಿದ್ದಾಗಲೂ ಆನೆ ಚೆನ್ನಾಗಿ ಈಜುತ್ತದೆ. ಈ ಒಂದು ಫಿಲ್ಟರ್ ಹಾಕಿದರೆ ಬೇಸಿಗೆಯ ಅತಿ ಮುಖ್ಯ ಡೇಟಾ ನಿಮ್ಮ ಕೈಯಾರೆ ಹೊರಗೆ ಹೋಗುತ್ತದೆ.

ಹಕ್ಕಿಯ ಎತ್ತರ ನೆಲಕ್ಕಿಂತ ಕೆಳಗೆ ಬರುತ್ತಿದೆ. ಗುಂಡಿ ತೋಡುತ್ತಿದೆಯಾ?

ಇದಕ್ಕೆ ಎರಡು ಕಾರಣ. ಒಂದು, ಜಿಪಿಎಸ್‌ನಲ್ಲಿ ಎತ್ತರದ ತಪ್ಪು ಸಾಮಾನ್ಯವಾಗಿ ಅಡ್ಡಡ್ಡದ ತಪ್ಪಿಗಿಂತ ಜಾಸ್ತಿ. ಎರಡನೆಯದನ್ನು ನಮ್ಮ ಕಡೆಯವರು ಮುಖ್ಯವಾಗಿ ತಿಳಿದಿರಬೇಕು. ಕೆಲವು ಟ್ಯಾಗ್‌ಗಳು ಸಮುದ್ರಮಟ್ಟದಿಂದ ಎತ್ತರ ಹೇಳುವುದಿಲ್ಲ. ಭೂಮಿಯನ್ನು ನುಣುಪಾದ ಮೊಟ್ಟೆಯಂತೆ ಕಲ್ಪಿಸಿಕೊಂಡು, ಆ ಮೇಲ್ಮೈಯಿಂದ ಹೇಳುತ್ತವೆ. ದಕ್ಷಿಣ ಭಾರತದಲ್ಲಿ ನಿಜವಾದ ಸಮುದ್ರಮಟ್ಟ ಈ ಕಲ್ಪನೆಯ ಮೇಲ್ಮೈಗಿಂತ ಸಾಕಷ್ಟು ಕೆಳಗಿದೆ. ಮೈಸೂರು ಕಡೆ ಈ ವ್ಯತ್ಯಾಸ 80ರಿಂದ 100 ಮೀಟರ್ ನಡುವೆ. ಮೈಸೂರು ಇರುವುದು ಸುಮಾರು 770 ಮೀಟರ್ ಎತ್ತರದಲ್ಲಿ. ಟ್ಯಾಗ್ ಅದನ್ನು 680 ಎನ್ನಬಹುದು. ಚಾಮುಂಡಿ ಬೆಟ್ಟದ ಮೇಲೆ ಹಾರುವ ಹದ್ದು ಬೆಟ್ಟದೊಳಗೆ ಹಾರಿದಂತೆ ಕಾಣುತ್ತದೆ. ಟ್ಯಾಗ್ ಯಾವ ಎತ್ತರ ಕೊಡುತ್ತದೆ ಎಂದು ಅದರ ಕೈಪಿಡಿಯಲ್ಲಿ ನೋಡಿ, ವ್ಯತ್ಯಾಸ ಕೂಡಿಸಿ. ಇದು ತಿದ್ದಬಹುದಾದ ತಪ್ಪು.

ಹಳೆಯ ರೇಡಿಯೊ ಕಾಲರ್ ಡೇಟಾ ಸಿಕ್ಕಿದೆ. ಅದಕ್ಕೂ ಇದೇ ನಿಯಮವಾ?

ಅಲ್ಲ. ಉಲ್ಲಾಸ ಕಾರಂತರು 1990ರಲ್ಲಿ ನಾಗರಹೊಳೆಯಲ್ಲಿ ಹುಲಿಗಳಿಗೆ ರೇಡಿಯೊ ಕಾಲರ್ ಹಾಕಿದಾಗ ಈ ಜಿಪಿಎಸ್ ಸೌಕರ್ಯ ಇರಲಿಲ್ಲ. ಆಂಟೆನಾ ಹಿಡಿದು, ಸದ್ದು ಯಾವ ದಿಕ್ಕಿನಿಂದ ಜೋರಾಗಿ ಬರುತ್ತದೆ ಎಂದು ಕೇಳಿ, ಎರಡು ಮೂರು ಕಡೆಯಿಂದ ಗೆರೆ ಎಳೆದು, ಅವು ಸೇರುವ ಜಾಗದಲ್ಲಿ ಪ್ರಾಣಿ ಇದೆ ಎನ್ನುವ ಪದ್ಧತಿ. ದಿಕ್ಕು ಐದು ಡಿಗ್ರಿ ತಪ್ಪಿದರೆ ಒಂದು ಕಿ.ಮೀ. ದೂರದಲ್ಲಿ 87 ಮೀಟರ್, ಮೂರು ಕಿ.ಮೀ. ದೂರದಲ್ಲಿ 260 ಮೀಟರ್ ಸರಿಯುತ್ತದೆ. ಎರಡು ಗೆರೆಗಳ ನಡುವಿನ ಕೋನ 90ರ ಹತ್ತಿರ ಇದ್ದರೆ ನಂಬಿಕೆ ಜಾಸ್ತಿ.

ಟ್ಯಾಗಿನ ಸಿಗ್ನಲನ್ನು ಉಪಗ್ರಹ ಕೇಳಿಸಿಕೊಂಡು, ಅದರಿಂದ ಜಾಗ ಲೆಕ್ಕ ಹಾಕುವ ಆರ್ಗೋಸ್ ವ್ಯವಸ್ಥೆಯ ಡೇಟಾ ಆದರೆ ಪ್ರತಿ ಪಾಯಿಂಟ್‌ಗೂ ಒಂದು ದರ್ಜೆ ಇರುತ್ತದೆ. 3 ಎಂದರೆ ತಪ್ಪು 250 ಮೀಟರ್ ಒಳಗೆ, 2 ಎಂದರೆ 500ರ ಒಳಗೆ, 1 ಎಂದರೆ 1,500ರ ಒಳಗೆ, 0 ಎಂದರೆ ಅದಕ್ಕೂ ಆಚೆ. ಎ, ಬಿ ದರ್ಜೆಗಳಿಗೆ ಹಳೆಯ ಲೆಕ್ಕದಲ್ಲಿ ಅಂದಾಜೂ ಕೊಡುತ್ತಿರಲಿಲ್ಲ. ಹೆಬ್ಬಾತು ಹಿಮಾಲಯ ದಾಟಿದ ದಾರಿ ನೋಡಲು ಇದು ಸಾಕು. ಅದು ಯಾವ ಗದ್ದೆಯಲ್ಲಿ ಮೇಯಿತು ಎಂದು ಹೇಳಲು ಸಾಲದು.

ಬಾರದೇ ಹೋದ ಪಾಯಿಂಟ್‌ಗಳನ್ನು ಮಧ್ಯದ ಸರಾಸರಿ ಹಾಕಿ ತುಂಬಬಹುದಾ?

ಬೇಡ. ಅದಕ್ಕಿಂತ ಮೊದಲು ಅವು ಯಾಕೆ ಬರಲಿಲ್ಲ ಎಂದು ಯೋಚಿಸಿ. ದಿನಕ್ಕೆ 48 ಬರಬೇಕಿತ್ತು, 31 ಬಂದಿವೆ. ಬಾರದ 17 ಎಲ್ಲೆಲ್ಲೋ ಕಳೆದಿಲ್ಲ. ಹೆಚ್ಚಾಗಿ ದಟ್ಟ ಮರಗಳ ಹಳ್ಳದೊಳಗೇ ಕಳೆದಿವೆ. ಬಯಲಿನಲ್ಲಿ ನಿಂತಾಗ ಎಲ್ಲವೂ ಬಂದಿರುತ್ತವೆ. ಉಳಿದದ್ದನ್ನಷ್ಟೇ ಎಣಿಸಿದರೆ ಆನೆಗೆ ಬಯಲೇ ಇಷ್ಟ ಎನಿಸುತ್ತದೆ. ಅಳಿಸದೆಯೂ ಡೇಟಾ ಸುಳ್ಳು ಹೇಳುವುದು ಹೀಗೆ.

ಹಾಗಾದರೆ ಅಳಿಸುವುದು ಯಾವಾಗ?

ಯಾವಾಗಲೂ ಇಲ್ಲ. ಟಗರಿನ ಆ ಬೆಳಿಗ್ಗೆಯ ಸಾಲುಗಳನ್ನು ನಾನು ಮತ್ತೆ ತರಲಾಗಲಿಲ್ಲ, ಮೂಲ ಫೈಲ್‌ನಲ್ಲೇ ಅಳಿಸಿದ್ದೆ. ಅವತ್ತಿನಿಂದ ಮೂರು ಹೊಸ ಕಾಲಂ ಸೇರಿಸುವುದನ್ನು ರೂಢಿ ಮಾಡಿಕೊಂಡೆ: ಸಂಶಯ ಇದೆಯಾ, ಯಾಕೆ, ಯಾರು ಯಾವತ್ತು ಗುರುತು ಹಾಕಿದ್ದು. ವಿಶ್ಲೇಷಣೆ ಮಾಡುವಾಗ ಸಂಶಯದ ಸಾಲು ಬಿಟ್ಟು ಓದಿಸಿದರಾಯ್ತು. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ನಡೆಸುವ ಮೂವ್‌ಬ್ಯಾಂಕ್ ಎಂಬ ಪ್ರಾಣಿಗಳ ಓಡಾಟದ ಡೇಟಾ ಭಂಡಾರದಲ್ಲೂ ಹೀಗೇ ಮಾಡಬಹುದು. ತಪ್ಪು ಎಂದು ಗುರುತು ಹಾಕಿದ ಪಾಯಿಂಟ್ ಮ್ಯಾಪ್‌ನಿಂದ ಮರೆಯಾಗುತ್ತದೆ, ಫೈಲ್‌ನಲ್ಲಿ ಇದ್ದೇ ಇರುತ್ತದೆ.

ತಿದ್ದುವುದಕ್ಕೆ ನನ್ನ ಅಳತೆಗೋಲು ಸರಳ. ಕಾರಣ ಗೊತ್ತಿದ್ದರೆ ತಿದ್ದುತ್ತೇನೆ: ಐದೂವರೆ ಗಂಟೆ, 1024 ವಾರ, ಅದಲುಬದಲಾದ ಕಾಲಂ. ಕಾರಣ ಗೊತ್ತಿಲ್ಲದಿದ್ದರೆ ಗುರುತು ಹಾಕಿ ಬಿಡುತ್ತೇನೆ. ‘ಇಲ್ಲಿರಬೇಕಿತ್ತು’ ಎಂದು ಪಾಯಿಂಟನ್ನು ಕೈಯಿಂದ ಎಳೆದು ಕೂರಿಸುವುದು ತಿದ್ದುಪಡಿಯಲ್ಲ, ಕಥೆ ಕಟ್ಟುವುದು.

ಯಾವ ಸಾಫ್ಟ್‌ವೇರ್?

ಮ್ಯಾಪ್ ಮೇಲೆ ನೋಡಲು ಕ್ಯೂಜಿಐಎಸ್ (QGIS), ಲೆಕ್ಕಕ್ಕೆ ಆರ್ (R). ಎರಡೂ ಉಚಿತ. ಆರ್‌ನಲ್ಲಿ ಮೂವ್2, ಎಎಂಟಿ, ಸಿಟಿಎಂಎಂ ಎಂಬ ಪ್ಯಾಕೇಜ್‌ಗಳಿವೆ. ತಪ್ಪಿನ ಅಳತೆಯನ್ನು ಲೆಕ್ಕಕ್ಕೆ ಸೇರಿಸಲು ಕೊನೆಯದು ಒಳ್ಳೆಯದು. ದೂರ ಅಳೆಯುವ ಮುಂಚೆ ಡಿಗ್ರಿಯಿಂದ ಮೀಟರ್‌ಗೆ ಬದಲಿಸಿ. ಭೂಮಿಯನ್ನು ವಲಯಗಳಾಗಿ ಹಂಚಿ ಜಾಗವನ್ನು ಮೀಟರ್‌ನಲ್ಲಿ ಹೇಳುವ ಪದ್ಧತಿ ಯುಟಿಎಂ; ಮೈಸೂರು, ಮಂಡ್ಯ ಎರಡೂ ಅದರ 43ನೇ ಉತ್ತರ ವಲಯದಲ್ಲಿವೆ. 78 ಡಿಗ್ರಿ ರೇಖಾಂಶ ದಾಟಿದರೆ 44.

ಕಲಿಯಲು ಡೇಟಾ ಎಲ್ಲಿ ಸಿಗುತ್ತದೆ?

ಮೂವ್‌ಬ್ಯಾಂಕ್‌ನಲ್ಲಿ ಎಲ್ಲರಿಗೂ ತೆರೆದಿಟ್ಟ ಡೇಟಾ ಬೇಕಾದಷ್ಟಿದೆ. ಅದಕ್ಕಿಂತ ಒಳ್ಳೆಯದು ನೀವೇ. ಫೋನಿನಲ್ಲಿ ದಾರಿ ದಾಖಲಿಸುವ ಆ್ಯಪ್ ಹಾಕಿ, ಮೈಸೂರಿನಿಂದ ಮಂಡ್ಯಕ್ಕೆ ಬಸ್ಸಿನಲ್ಲಿ ಹೋಗಿ ಬನ್ನಿ. ಆಮೇಲೆ ಆ ಫೈಲ್‌ನಲ್ಲಿ ತಪ್ಪು ಹುಡುಕಿ. ಎಲ್ಲಿ ನಿಂತಿರಿ, ಎಲ್ಲಿ ಕೂತಿರಿ ಎಲ್ಲವೂ ನಿಮಗೆ ಗೊತ್ತಿರುವುದರಿಂದ ಯಂತ್ರದ ಸುಳ್ಳು ತಕ್ಷಣ ಸಿಕ್ಕಿಬೀಳುತ್ತದೆ. ಕಾಡುಪ್ರಾಣಿಗೆ ಕಾಲರ್ ಹಾಕಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ಕುರಿಗೆ ಕುರಿಯವರ ಒಪ್ಪಿಗೆ ಸಾಕು.

ತಿದ್ದಿದ ಮ್ಯಾಪನ್ನು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಬಹುದಾ?

ಕಾಡುಪ್ರಾಣಿಯದಾದರೆ ಬೇಡ, ಅದರಲ್ಲೂ ಈಗಿನ ದಿನಗಳದ್ದು. 2013ರಲ್ಲಿ ಮಧ್ಯಪ್ರದೇಶದ ಪನ್ನಾದ ಹುಲಿಯೊಂದರ ಕಾಲರ್ ಮಾಹಿತಿ ಬರುತ್ತಿದ್ದ ಇಮೇಲ್ ಖಾತೆಗೆ ಯಾರೋ ನುಗ್ಗಲು ನೋಡಿದ್ದು ಸುದ್ದಿಯಾಗಿತ್ತು. ಪಾಯಿಂಟ್ ಎಷ್ಟು ನಿಖರವೋ ಅಷ್ಟು ಅಪಾಯ.

ಆ ಟಗರು ಕೊನೆಗೂ ಮಾರಾಟವಾಯ್ತಾ?

ಇದು ಡೇಟಾ ಪ್ರಶ್ನೆಯಲ್ಲ, ಆದರೂ ಎಲ್ಲರೂ ಕೇಳುತ್ತಾರೆ. ಆಯ್ತು, ಎರಡು ತಿಂಗಳ ಮೇಲೆ. ಟ್ಯಾಗ್ ಬಿಚ್ಚುವುದನ್ನು ಮಾತ್ರ ಮಾವ ಮರೆತಿದ್ದರು. ಆ ದಿನ ಮತ್ತೆ 40 ಕಿ.ಮೀ. ವೇಗ ಬಂತು. ಈ ಸಲ ನಾನು ಅಳಿಸಲಿಲ್ಲ, ಫೋನ್ ಮಾಡಿದೆ. ಕೊನೆಯ ಪಾಯಿಂಟ್ ಬಂದದ್ದು ಮದ್ದೂರಿನ ಹತ್ತಿರ, ಬೆಂಗಳೂರು ರಸ್ತೆಯಲ್ಲಿ.